ತಪ್ಪಣ್ಣನವರೂ ಮೆಟ್ಟಿಲ ಕೆಳಗಿನ ಬಿರುಕೂ

ತಪ್ಪಣ್ಣನವರು ಬೀದಿಯ ನಡುವೆ ನಡೆದದ್ದನ್ನು ಕಂಡವರಿಲ್ಲ. ಎಷ್ಟೇ ಅಗಲವಾದ ರಸ್ತೆಯಿರಲಿ, ಎಷ್ಟೇ ನಿರ್ಜನವಾದ ಓಣಿಯಿರಲಿ, ಅವರ ಎಡಭುಜ ಯಾವುದಾದರೊಂದು ಗೋಡೆಯನ್ನು ಸವರಿಕೊಂಡೇ ಸಾಗಬೇಕು. ಗೋಡೆ ಮುಗಿದರೆ ಬೇಲಿ, ಬೇಲಿಯೂ ಮುಗಿದರೆ ನಿಂತ ವಾಹನಗಳ ಸಾಲು, ಅದೂ ಇಲ್ಲದ ಕಡೆ ಒಂದು ಕ್ಷಣ ದಿಕ್ಕು ತೋಚದೆ ನಿಂತು, ಮುಂದಿನ ಗೋಡೆಯನ್ನು ಕಣ್ಣಲ್ಲೇ ಗುರಿಯಿಟ್ಟು, ಹೊಳೆ ದಾಟುವವರ ಹಾಗೆ ಸರಸರನೆ ಆಚೆ ಸೇರಿಬಿಡುವರು. ಮೂಲೆ ಸಿಕ್ಕಿತೋ, ಅಲ್ಲೊಂದು ಸಣ್ಣ ವಿಧಿ ನಡೆಯಲೇಬೇಕು: ಭುಜದಿಂದ ಮೆತ್ತಗೆ ತಳ್ಳಿ, ಮತ್ತೊಮ್ಮೆ ತಳ್ಳಿ, ಗೋಡೆ ಕದಲಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ತಿರುವು. ಇದರ ಫಲವಾಗಿ ಅವರ ಕಂದು ಕೋಟಿನ ಬಲತೋಳು ಕೊಂಡ ದಿನದಷ್ಟೇ ಗಟ್ಟಿಮುಟ್ಟಾಗಿದ್ದರೂ ಎಡ ಮೊಣಕೈ ಮಾತ್ರ ತೇಪೆಯ ಮೇಲೆ ತೇಪೆ ಕಂಡಿತ್ತು. ಅವರ ಹೆಂಡತಿ ಮೊದಮೊದಲು ಕೋಟಿನದೇ ಬಣ್ಣದ ಬಟ್ಟೆಯನ್ನು ಹುಡುಕಿ ಹುಡುಕಿ ಹೊಲಿಯುತ್ತಿದ್ದರು; ಆಮೇಲಾಮೇಲೆ ಕೈಗೆ ಸಿಕ್ಕಿದ್ದನ್ನು ಹೊಲಿಯತೊಡಗಿದರು. ಈಗ ಅಲ್ಲಿರುವುದು ಹಳೆಯ ಪರದೆಯ ಹಸಿರು ತುಂಡು.

ಈ ನಡಿಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಪುಟ್ಟದೊಂದು ಕಚೇರಿಯಲ್ಲಿ, ಆಟ ಜನರ ಕೈ ಸೇರುವ ಮುನ್ನ ಅದರೊಳಗಿನ ತಪ್ಪುಗಳನ್ನು ಹುಡುಕಿಕೊಡುವುದು ಅವರ ಕೆಲಸ. ಹೊರಗಿನವರಿಗೆ ಇದು ಸುಖದ ಉದ್ಯೋಗವಾಗಿ ಕಾಣುತ್ತದೆ. "ದಿನವೆಲ್ಲ ಆಟ ಆಡ್ತೀರಿ, ಅದಕ್ಕೆ ಸಂಬಳ ಬೇರೆ!" ಎಂದು ನೆಂಟರು ಹೊಟ್ಟೆಕಿಚ್ಚುಪಡುತ್ತಾರೆ. ಆದರೆ ತಪ್ಪಣ್ಣನವರು ಆಡುವುದು ಗೆಲ್ಲುವುದಕ್ಕಲ್ಲ. ಆಟದೊಳಗಿನ ಪ್ರತಿಯೊಂದು ಗೋಡೆಗೂ ಹಾಯುವುದು, ಪ್ರತಿಯೊಂದು ಮೂಲೆಗೂ ನುಗ್ಗುವುದು, ಯಾರೂ ಹಾರಬಾರದ ಕಡೆ ಹಾರುವುದು, ಬಾಗಿಲು ಮುಚ್ಚುವಾಗ ನಡುವೆ ನಿಂತುಬಿಡುವುದು. ಹೀಗೆ ಆಟವನ್ನು ಗೋಳುಹೊಯ್ದುಕೊಂಡು, ಅದು ಎಲ್ಲಿ ಸೋತು ಬಾಯಿ ಬಿಡುತ್ತದೋ ಅದನ್ನು ಹಿಡಿದು ತರುವುದು. ನೆಲ ಗಟ್ಟಿಯಾಗಿ ಕಂಡಷ್ಟೂ ಅವರಿಗೆ ಗುಮಾನಿ ಹೆಚ್ಚು. ತಪ್ಪು ಹಿಡಿಯುವವರಿಗೆ ಕಚೇರಿಯವರು ತಪ್ಪಣ್ಣ ಎಂದು ಹೆಸರಿಟ್ಟರು, ಅದೇ ಉಳಿಯಿತು. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತದೆ.

ಅವರ ನಾಲಗೆಗೂ ಒಂದು ತೇಪೆಯುಂಟು. ಏನನ್ನೇ ಒಪ್ಪಿಕೊಂಡರೂ, "ಆದರೂ ಒಂದ್ಸಲ ನೋಡೋಣ" ಎಂಬ ಮಾತು ಬಾಲದಂತೆ ಹಿಂದೆಯೇ ಬರುತ್ತದೆ. ಬಸ್ಸು ಬಂತು ಅಂದರೆ, ಬಂತು, ಆದರೂ ಒಂದ್ಸಲ ನೋಡೋಣ. ಸಾರಿಗೆ ಉಪ್ಪು ಹಾಕಿದೆ ಅಂದರೆ, ಹಾಕಿದ್ದೀಯ, ಆದರೂ ಒಂದ್ಸಲ ನೋಡೋಣ. ಮೊಟ್ಟಮೊದಲು ಅವರು ಮಾವನ ಮನೆಗೆ ಬಂದಾಗ, ಭಾವಿ ಅಳಿಯನೆಂಬ ಗೌರವದಿಂದ ಕೊಟ್ಟ ಕುರ್ಚಿಯ ಬೆನ್ನು ಹಿಡಿದು, ಕೂರುವ ಮುನ್ನ ಒಂದ್ಸಲ ಅಲ್ಲಾಡಿಸಿದರಂತೆ. ಕುರ್ಚಿಯ ಕಾಲು ಕಳಚಿ ಕೈಗೆ ಬಂತು. ಮನೆಯವರೆಲ್ಲ ನಾಚಿಕೆಯಿಂದ ಹಿಡಿಯಾದರು. ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರದು ಬೀಗದ ಅಂಗಡಿ, ಬೀಗ ರಿಪೇರಿಯೂ ಬೀಗದ ಕೈ ಕೊರೆಯುವುದೂ ಅವರ ಕಸುಬು. ಅಲ್ಲಾಡಿಸಿ ನೋಡುವವನ ಬೆಲೆ ಅವರಿಗೆ ಗೊತ್ತಿತ್ತು. ಆ ಅಂಗಡಿಯನ್ನು ಈಗ ಮಗಳು, ಅಂದರೆ ತಪ್ಪಣ್ಣನವರ ಹೆಂಡತಿ, ನಡೆಸುತ್ತಿದ್ದಾರೆ. ಮನೆಯಲ್ಲಿ ಮಲಗುವ ಮುನ್ನ ಆಕೆ ಅಗುಳಿ ಹಾಕುತ್ತಾರೆ, ಇವರು ಬಂದು ಅದನ್ನು ಅಲ್ಲಾಡಿಸುತ್ತಾರೆ. ಬೀಗದ ಕಸುಬಿನವಳೇ ಹಾಕಿದ ಅಗುಳಿ! "ನನ್ನ ಮೇಲೆ ನಂಬಿಕೆ ಇಲ್ವೇನ್ರೀ?" ಎಂದು ಆಕೆ ಗದರುವುದೂ, "ನಿನ್ನ ಮೇಲಿದೆ ಕಣೇ, ಅಗುಳಿ ಮೇಲಿಲ್ಲ" ಎಂದು ಇವರು ಗೊಣಗುವುದೂ ಆ ಮನೆಯ ದಿನದ ಮಂಗಳಾರತಿ.

ಕಚೇರಿ ಇದ್ದದ್ದು ಬೇಕರಿಯೊಂದರ ಮೇಲಿನ ಅಂತಸ್ತಿನಲ್ಲಿ. ಕೆಳಗಿನ ಒಲೆಯಿಂದಾಗಿ ನೆಲ ಸದಾ ಬೆಚ್ಚಗೆ. ಬಾಗಿಲ ಬಳಿ ಚಪ್ಪಲಿ ಕಳಚಿಟ್ಟು ಎಲ್ಲರೂ ಬರಿಗಾಲಲ್ಲೇ ಕೂರುತ್ತಿದ್ದರು. ಕಚೇರಿಯ ಒಡತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಯಜಮಾನಿ ಎಂದು: ಮಾತು ಕಡಿಮೆ, ಹಟ ಜಾಸ್ತಿ, ಯೋಚನೆಗೆ ಬಿದ್ದರೆ ಪೆನ್ಸಿಲನ್ನು ಜಡೆಗೆ ಸಿಕ್ಕಿಸಿ ಆಮೇಲೆ ಮೇಜೆಲ್ಲ ತಡಕಾಡುವ ಹೆಂಗಸು. ಕಲ್ಲು, ಮಣ್ಣು, ಪಾಚಿ, ಎಲೆಗಳನ್ನೆಲ್ಲ ಚಿತ್ರಿಸುತ್ತಿದ್ದ ಇನ್ನೊಬ್ಬಳಿಗೆ ನೆಲದವಳು ಎಂದೇ ಹೆಸರಾಗಿತ್ತು. ಅವಳ ನಾಲಗೆ ಅವಳ ಕುಂಚಕ್ಕಿಂತ ಚುರುಕು, ಮತ್ತು ತಪ್ಪಣ್ಣನವರ ಬೇಟೆಯಲ್ಲಿ ಹೆಚ್ಚಿನ ಪಾಲು ಅವಳ ಕಲ್ಲುಮಣ್ಣುಗಳದೇ ಆದ್ದರಿಂದ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲರೂ ದೊಡ್ಡ ಮೇಜಿನ ಸುತ್ತ ನಿಲ್ಲಬೇಕು. ಕೂರುವಂತಿಲ್ಲ, ಕೂತರೆ ಮಾತು ಬೆಳೆಯುತ್ತದೆ. ತಪ್ಪಣ್ಣನವರು ಆ ದಿನ ಸಿಕ್ಕ ತಪ್ಪುಗಳನ್ನು ಒಂದೊಂದಾಗಿ ಕೂಗಬೇಕು. ಪ್ರತಿ ತಪ್ಪಿಗೂ ಯಾರಾದರೊಬ್ಬರು ಕೈಯೆತ್ತಿ "ನಂದು" ಅನ್ನಬೇಕು. ಹೀಗೇಕಾಯಿತು, ಯಾರಿಂದಾಯಿತು ಎಂಬ ವಿಚಾರಣೆಯಿಲ್ಲ. ನಂದು ಅಂದರೆ ಮುಗಿಯಿತು, ಮರುದಿನ ಅವರು ಸರಿಪಡಿಸುತ್ತಾರೆ. ಯಾರದೂ ಅಲ್ಲದ ತಪ್ಪೊಂದು ಮೇಜಿನ ಮೇಲೆ ಉಳಿದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇದಕ್ಕೆ ಅವರೆಲ್ಲ ಹರಾಜು ಎನ್ನುತ್ತಿದ್ದರು. ಕೊನೆಯಲ್ಲಿ ಯಜಮಾನಿ "ಇನ್ನೇನಾದ್ರೂ ಇದ್ಯಾ?" ಎಂದು ಕೇಳುವರು. ತಪ್ಪಣ್ಣನವರು ಒಂದು ಕ್ಷಣ ಸೂರು ನೋಡಿ, "ಇಲ್ಲ. ಮನೆಗೆ ಹೋಗಬಹುದು" ಅನ್ನುವರು. ಆ ಮಾತು ಬೀಳುವ ತನಕ ಯಾರೂ ಚಪ್ಪಲಿಗೆ ಕಾಲು ಹಾಕುತ್ತಿರಲಿಲ್ಲ. ಮುಚ್ಚುಮರೆಯೇಕೆ, ತಪ್ಪಣ್ಣನವರಿಗೆ ಆ ಗಳಿಗೆಯೆಂದರೆ ಪ್ರಾಣ. ತಪ್ಪು ಕೂಗುವಾಗ ಅವರ ಕಂಠಕ್ಕೆ ಎಲ್ಲಿಲ್ಲದ ಕಳೆ ಬರುತ್ತಿತ್ತು. ಅಷ್ಟು ವರ್ಷಗಳ ಹರಾಜಿನಲ್ಲಿ ಆ ಮೇಜಿನ ಸುತ್ತ ನಂದು ಎನ್ನದೆ ಉಳಿದವರು ಅವರೊಬ್ಬರೇ, ಮತ್ತು ಅದರ ಬಗ್ಗೆ ಅವರಿಗೆ ಸಣ್ಣದೊಂದು ಜಂಬವೂ ಇತ್ತು.

ಆಗ ತಯಾರಾಗುತ್ತಿದ್ದ ಆಟದ ಹೆಸರು "ಅಂಗಳ". ಒಂದು ಮನೆಯ ಹಿತ್ತಲ ಅಂಗಳ, ಅಷ್ಟೇ ಅದರ ಪ್ರಪಂಚ; ಆದರೆ ಆಡುವವರು ಅದರಲ್ಲಿ ಬದುಕುವುದು ಹುಳುವಾಗಿ. ಸೋರುವ ನಲ್ಲಿ ಜಲಪಾತವಾಗುತ್ತದೆ, ಒರಗಿಸಿಟ್ಟ ತುಕ್ಕು ಸೈಕಲ್ಲು ಕಬ್ಬಿಣದ ಕಾಡಾಗುತ್ತದೆ, ಹೂಕುಂಡಗಳು ಬೆಟ್ಟಗಳಾಗುತ್ತವೆ. ಎತ್ತ ಬೇಕಾದರೂ ಹೋಗಬಹುದು. ಹೋಗೆಂದು ಹೇಳುವವರಿಲ್ಲ, ಬೇಡವೆಂದು ತಡೆಯುವವರಿಲ್ಲ. ಇರುವೆಯಾಗಿ ಹುಟ್ಟಿದರೆ ಸಾಲು ಹಿಡಿಯಬಹುದು, ಸಾಲು ಬಿಟ್ಟು ಅಲೆಯಲೂಬಹುದು. ಆದರೆ ಒಂದು ಕಟ್ಟುನಿಟ್ಟಿತ್ತು. ಹುಳುವಿಗೆ ಆಯುಸ್ಸು ಚಿಕ್ಕದು. ಆಡುವವನು ಊಟಕ್ಕೆ ಎದ್ದುಹೋದರೂ ಅಂಗಳದ ಕಾಲ ನಿಲ್ಲುವುದಿಲ್ಲ; ರೆಕ್ಕೆ ಮಾಸುತ್ತದೆ, ಕಾಲುಗಳು ನಿಧಾನವಾಗುತ್ತವೆ, ಒಂದು ಮುಂಜಾವು ಹುಳು ಏಳುವುದಿಲ್ಲ. ಆಗ ತೆರೆಯ ಮೇಲೆ ಎಲ್ಲೋ ಒಂದು ಎಲೆಯ ಅಡಿಯಲ್ಲಿ ಇನ್ನೊಂದು ಮೊಟ್ಟೆ ಒಡೆಯುತ್ತದೆ. ಸಾಯಲೆಂದು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ಮಾರುವವರು ತಕರಾರು ತೆಗೆದಾಗ ಯಜಮಾನಿ ಜಗ್ಗಲಿಲ್ಲ. "ಸಾಯದೇ ಇದ್ರೆ ಅದು ಹುಳ ಅಲ್ಲ, ಬೊಂಬೆ. ಬೊಂಬೆ ಮಾಡೋಕೆ ನನಗೆ ಬರಲ್ಲ" ಎಂದುಬಿಟ್ಟರು. ಆ ಒಂದು ನಿಯಮದ ಮೇಲೆ ಇಡೀ ಆಟ ನಿಂತಿತ್ತು.

ಈ ಅಂಗಳದಲ್ಲಿ ತಪ್ಪಣ್ಣನವರು ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ಅವರ ಗುಲಗಂಜಿ ಹುಳು ನಲ್ಲಿಯ ಹನಿಗೆ ಸಿಕ್ಕಿ ನೆಂದದ್ದೇ ಕಬ್ಬಿಣದಷ್ಟು ಭಾರವಾಗಿ, ನೆಲವನ್ನೇ ತೂರಿಕೊಂಡು ಕೆಳಗೆ, ಇನ್ನೂ ಕೆಳಗೆ, ಆದಿ ಅಂತ್ಯಗಳಿಲ್ಲದ ಕತ್ತಲಲ್ಲಿ ಬೀಳತೊಡಗಿತು. ಅದು ಎಲ್ಲಾದರೂ ತಲುಪೀತೇ ಎಂದು ಡಬ್ಬಿ ಬಿಚ್ಚಿ ಊಟ ಮಾಡುತ್ತಲೇ ನೋಡುತ್ತಾ ಕೂತರು. ಊಟ ಮುಗಿಯಿತು, ಬೀಳುವುದು ಮುಗಿಯಲಿಲ್ಲ. ಸಂಜೆ ಹರಾಜಿನಲ್ಲಿ ಅದನ್ನು ಅವರು ವರ್ಣಿಸಿದ ರೀತಿಗೆ ನೆಲದವಳು ಸಿಟ್ಟಿನಲ್ಲೂ ನಗು ತಡೆಯಲಾರದೆ, "ನಂದು, ನಂದು, ಸಾಕು ನಿಲ್ಸಿ!" ಎಂದು ಕೈಮುಗಿದಳು. ತಪ್ಪಣ್ಣನವರ ಹುಳುಗಳಿಗೆ ಮುಪ್ಪಿನ ಭಾಗ್ಯವೇ ಇರಲಿಲ್ಲ. ಬಿದ್ದು, ನೆಂದು, ಜೇಡನ ಬಲೆಗೆ ಬೇಕೆಂದೇ ನುಗ್ಗಿ, ಹಕ್ಕಿಯ ಕೊಕ್ಕಿಗೆ ಎದುರು ಹೋಗಿ, ಎಲ್ಲವೂ ಕರ್ತವ್ಯದ ಮೇಲೆ ಎಳೆಯ ಪ್ರಾಯದಲ್ಲೇ ತೀರಿಕೊಳ್ಳುತ್ತಿದ್ದವು.

ಹೀಗಿರುವಾಗ ಒಂದು ಕಂದು ಜೀರುಂಡೆ ಹುಟ್ಟಿತು. ಪ್ರತಿ ಹುಳುವೂ ತುಸು ಬೇರೆಯಾಗಿರಲಿ ಎಂದು ಆಟವೇ ಅದಕ್ಕೊಂದು ಊನವನ್ನೋ ಮಚ್ಚೆಯನ್ನೋ ಕೊಡುತ್ತಿತ್ತು. ಇದರ ಪಾಲಿಗೆ ಬಂದದ್ದು ಮುರುಟಿದ ಎಡ ಮೀಸೆ. ಮಳೆ ಬರುತ್ತಿತ್ತು. ಜೀರುಂಡೆಗೆ ಮಳೆಹನಿಯೆಂದರೆ ಮೇಲಿಂದ ಬಿದ್ದ ಬಂಡೆ. ತಪ್ಪಣ್ಣನವರು ಪದ್ಧತಿಯಂತೆ ಅದನ್ನು ಗೋಡೆಯ ಬುಡಕ್ಕೆ ಒತ್ತಿ ಒತ್ತಿ ನಡೆಸುತ್ತಾ, ಹಿಂಬಾಗಿಲ ಕೊನೆಯ ಮೆಟ್ಟಿಲ ಬಳಿ ಬಂದಾಗ, ಹುಳು ಇದ್ದಕ್ಕಿದ್ದಂತೆ ಗೋಡೆಯೊಳಗೆ ಹೋಯಿತು. ಮೆಟ್ಟಿಲ ಕಲ್ಲೂ ಗೋಡೆಯ ಕಲ್ಲೂ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಉಳಿದುಬಿಟ್ಟಿತ್ತು. ಒಳಗೆ ಪುಟ್ಟದೊಂದು ಪೊಟರೆ. ಒಂದು ಕಡೆಯಿಂದ ಬೆಳಕಿನ ಸಣ್ಣ ಪಟ್ಟಿ, ಹೊರಗೆ ಮಳೆಯ ಸದ್ದು. ಯಾರೂ ಮಾಡದೇ ಆದ ಜಾಗ ಅದು. ಅವರು ಕಾದು ನೋಡಿದರು. ಮಳೆ ನಿಂತು ಬಿಸಿಲು ಬಂತು, ಬಿಸಿಲು ಹೋಗಿ ರಾತ್ರಿಯಾಯಿತು, ಮತ್ತೆ ಬೆಳಗಾಯಿತು. ಜೀರುಂಡೆಯ ರೆಕ್ಕೆಯ ಹೊಳಪು ಎಳ್ಳಷ್ಟೂ ಮಾಸಲಿಲ್ಲ. ಅಂಗಳದ ಕಾಲ ಆ ಬಿರುಕಿನೊಳಗೆ ಕಾಲಿಡುತ್ತಿರಲಿಲ್ಲ. ಅಲ್ಲಿ ಕೂತ ಹುಳುವಿಗೆ ಸಾವಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆ ಆಟದಲ್ಲಿ ಇರುವುದು ಸಾಧ್ಯವಿರಲಿಲ್ಲ. ಯಜಮಾನಿಯ ನಿಯಮದ ಬುಡಕ್ಕೇ ಕೊಡಲಿ. ಸಂಜೆ ಮೇಜಿನ ಸುತ್ತ ನಿಂತಾಗ ತಪ್ಪಣ್ಣನವರು ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಕೂಗಿ ಮುಗಿಸಿದರು. "ಇನ್ನೇನಾದ್ರೂ ಇದ್ಯಾ?" ಎಂಬ ಪ್ರಶ್ನೆ ಬಂತು. ಅವರು ಸೂರು ನೋಡಿದರು. "ಇಲ್ಲ. ಮನೆಗೆ ಹೋಗಬಹುದು" ಅಂದರು.

ಏಕೆ ಹಾಗಂದರೆಂದು ಆ ಕ್ಷಣದಲ್ಲಿ ಕೇಳಿದ್ದರೆ ಅವರಿಗೇ ಹೇಳಲು ಬರುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆಯೂ ಅದನ್ನೇ ಅಂದುಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಬಿರುಕಿನೊಳಗೆ ಹೋಗಿ ಜೀರುಂಡೆಯೊಂದಿಗೆ ಕೂರುವುದು ರೂಢಿಯಾಯಿತು. ಮಾಡಲು ಅಲ್ಲೇನೂ ಇಲ್ಲ, ತಳ್ಳಿ ನೋಡಲೂ ಏನಿಲ್ಲ. ಕೋಟಿನ ಜೇಬಿಗೆ ಕೈಯಿಟ್ಟುಕೊಂಡು, ಬೆಚ್ಚನೆಯ ನೆಲದ ಮೇಲೆ ಕಾಲು ಚಾಚಿ, ಬೆಳಕಿನ ಆ ಪಟ್ಟಿಯನ್ನು ನೋಡುತ್ತಿರುವರು. ಎಷ್ಟೋ ಹುಳುಗಳನ್ನು ಸಾವಿಗೆ ಅಟ್ಟಿದ ಮನುಷ್ಯನಿಗೆ ಇದೊಂದು ಉಳಿದುಕೊಂಡಿದೆಯಲ್ಲ ಎಂಬ ಸಮಾಧಾನ. ಸಂತೋಷವೆಂದರೂ ತಪ್ಪಿಲ್ಲ. ಆದರೆ ಸಂಜೆಯಾಗುತ್ತಿದ್ದಂತೆ ಆ ಸಂತೋಷವೇ ಚುಚ್ಚತೊಡಗುತ್ತಿತ್ತು. ಹೇಳಿದರೆ ಜೀರುಂಡೆ ಹೋಗುತ್ತದೆ. ಹೇಳದಿದ್ದರೆ ಎಷ್ಟೋ ವರ್ಷ ಸುಳ್ಳಾಡದ ತಮ್ಮ "ಇಲ್ಲ" ಎಂಬ ಮಾತು ಹೋಗುತ್ತದೆ, ಯಜಮಾನಿಯ ಆಟವೂ ಹೋಗುತ್ತದೆ.

ಗುಟ್ಟು ಮೊದಲು ಹೊರಬಿದ್ದದ್ದು ಮನೆಯಲ್ಲಿ. ಒಂದು ದಿನ ಹೆಂಡತಿ ಅಗುಳಿ ಹಾಕಿದರು. ತಪ್ಪಣ್ಣನವರು ಅದರ ಮುಂದೆಯೇ ಹಾದುಹೋದರು, ಅಲ್ಲಾಡಿಸಲಿಲ್ಲ. ಆಕೆ ಬೆಚ್ಚಿಬಿದ್ದು ಹಣೆ ಮುಟ್ಟಿ ನೋಡಿದರು.

"ಏನ್ರೀ, ಮೈ ಸರಿ ಇಲ್ವಾ?"

"ಸರಿ ಇದೆ."

"ಅಗುಳಿ ನೋಡ್ಲಿಲ್ಲ?"

"ನಾನು ನೋಡಿದ್ರೆ ಏನು ಬಂತು ಬಿಡೇ. ನನ್ನನ್ನ ಯಾರು ನೋಡ್ಬೇಕು?" ಎಂದು ಅಲ್ಲೇ ಮಣೆಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟರು: ಮಳೆ, ಬಿರುಕು, ಮುರುಟಿದ ಮೀಸೆ, ಸೂರು ನೋಡಿ ಹೇಳಿದ ಸುಳ್ಳು. ಕಂಪ್ಯೂಟರಿನೊಳಗಿನ ಒಂದು ಹುಳುವಿಗಾಗಿ ಗಂಡ ಇಷ್ಟು ಸೊರಗುವುದೇ ಎಂದು ಇನ್ನೊಬ್ಬರಾದರೆ ನಗುತ್ತಿದ್ದರು. ಆಕೆ ನಗಲಿಲ್ಲ.

"ನನ್ನ ಅಂಗಡಿಗೆ ಬಂದೋರು ಬೀಗ ತೋರಿಸಿ ಇದು ಭದ್ರ ಇದ್ಯಾ ಅಂತ ಕೇಳ್ತಾರೆ" ಅಂದರು. "ಇಲ್ಲ ಅಂತ ಗೊತ್ತಿದ್ದೂ ನಾನು ಇದೆ ಅಂದ್ರೆ, ಅವತ್ತು ಅವರ ಮನೆಗೆ ಕಳ್ಳ ಬರ್ದೇ ಇರಬಹುದು. ಆದ್ರೆ ಮಾರನೇ ದಿನ ನಾನು ಯಾವ ಮುಖ ಇಟ್ಕೊಂಡು ಅಂಗಡಿ ತೆಗೀಲಿ, ಹೇಳಿ?" ಆಮೇಲೆ, "ಅದನ್ನ ಒಂದ್ಸಲ ನನಗೂ ತೋರಿಸಿ" ಎಂದರು.

ಮರುದಿನ ಹರಾಜಿನಲ್ಲಿ ಯಜಮಾನಿ ಎಂದಿನಂತೆ ಕೇಳಿದರು. ಆಟ ಹೊರಗೆ ಹೋಗುವ ದಿನ ಹತ್ತಿರವಾಗಿತ್ತು. ಎಲ್ಲರೂ ದಣಿದಿದ್ದರು, ಕೆಲವರು ಆಗಲೇ ಬಾಗಿಲ ಕಡೆ ಮುಖ ಮಾಡಿದ್ದರು. ತಪ್ಪಣ್ಣನವರು ಈ ಸಲ ಸೂರು ನೋಡಲಿಲ್ಲ.

"ಇದೆ" ಅಂದರು. "ಹಿಂಬಾಗಿಲ ಕೊನೇ ಮೆಟ್ಟಿಲು. ಗೋಡೆ ಸೇರೋ ಕಡೆ ಬಿರುಕಿದೆ. ಅದರೊಳಗೆ ಕೂತ ಹುಳಕ್ಕೆ ವಯಸ್ಸಾಗಲ್ಲ. ಸಾಯಲ್ಲ."

ನೆಲದವಳು ನಿಧಾನವಾಗಿ ಕೈಯೆತ್ತಿದಳು. "ಕಲ್ಲು ನಾನು ಬರೆದದ್ದು. ನಂದು."

"ಬಿರುಕು ನಿಂದು ಕಣಮ್ಮ" ಅಂದರು ತಪ್ಪಣ್ಣನವರು. ಎಡಗೈ ಮೇಲೆತ್ತಿದರು, ಹಸಿರು ತೇಪೆ ಎಲ್ಲರ ಕಣ್ಣೆದುರಿಗೆ ಬಂತು. "ಮುಚ್ಚಿಟ್ಟಿದ್ದು ನಂದು. ತುಂಬ ದಿನದಿಂದ ಗೊತ್ತಿತ್ತು."

ಯಜಮಾನಿಗೆ ಸಿಟ್ಟು ಬಂತು, ಅದೂ ಸಣ್ಣ ಸಿಟ್ಟಲ್ಲ, ಮುಖ ಕೆಂಪಡರಿತು. "ನೀವು ಇಲ್ಲ ಅಂದ್ರೆ ಇಲ್ಲ ಅಂತ ತಾನೇ ನಾವೆಲ್ಲ ಮನೆಗೆ ಹೋಗ್ತಿದ್ದದ್ದು, ತಪ್ಪಣ್ಣೋರೇ?" ಎಂದರು. ಆದರೆ ಯಾರಿಂದಾಯಿತು ಏಕಾಯಿತು ಎಂದು ಕೆದಕುವಂತಿಲ್ಲ ಎಂಬ ಪದ್ಧತಿ ಆಕೆಯೇ ಮಾಡಿದ್ದು; ನಂದು ಎಂದವರನ್ನು ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಆಕೆ ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು, ತಪ್ಪಣ್ಣನವರ ಕುರ್ಚಿಯಲ್ಲಿ ಕೂತು, ಇನ್ನೊಂದು ಹುಳುವಾಗಿ ಆ ಬಿರುಕಿನೊಳಗೆ ಹೋದರು. ಅಲ್ಲಿ ಕಂದು ಜೀರುಂಡೆ ಕೂತಿತ್ತು. ಆಟದಲ್ಲಿ ಮಳೆ ಬಂತು. ಮಳೆ ನಿಲ್ಲಲಿ ಎಂದು ಎಲ್ಲರೂ ಕಾದರು. ಆಕೆ ಏಳಲೇ ಇಲ್ಲ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ನೆಲದವಳು ಬಗ್ಗಿ ನೋಡಿ, "ಚೆನ್ನಾಗಿದ್ಯಲ್ಲ ಇದು, ನಾನು ಬೇಕಂತ ಮಾಡಿದ್ರೂ ಹೀಗೆ ಬರ್ತಿರ್ಲಿಲ್ಲ" ಎಂದಳು. ಆಮೇಲೆ ಯಜಮಾನಿಯ ಬಾಯಿಂದ ಮಾತು ಬಂತು.

"ಬಿರುಕು ಇರಲಿ. ಮಳೇಲಿ ಕೂರೋಕೆ ಒಂದು ಜಾಗ ಬೇಕು. ಆದ್ರೆ ಕಾಲ ಒಳಗೆ ಬರಬೇಕು."

"ಬರಬೇಕು" ಎಂದು ತಪ್ಪಣ್ಣನವರೂ ತಲೆಯಾಡಿಸಿದರು. ಒಂದೇ ಒಂದು ಬೇಡಿಕೆಯಿಟ್ಟರು: ಒಳಗೆ ಕೂತಲ್ಲೇ ಜೀರುಂಡೆ ಸಾಯುವುದು ಬೇಡ, ಸರಿಪಡಿಸುವ ಮುಂಚೆ ತಾವೇ ಅದನ್ನು ಹೊರಗೆ ಕರೆದುಕೊಂಡು ಬರಬೇಕು.

ಮರುದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೆಂಡತಿಯೂ ಬಂದರು. ಚಪ್ಪಲಿ ಕಳಚಿಟ್ಟು, ಬೆಚ್ಚನೆಯ ನೆಲಕ್ಕೆ ಬೆರಗಾಗಿ, ಗಂಡನ ಪಕ್ಕದಲ್ಲಿ ಕೂತರು. ಜೀರುಂಡೆ ಬಿರುಕಿನಿಂದ ಹೊರಗೆ ಬಂದದ್ದೇ ಹಿಡಿದಿಟ್ಟ ಕಾಲವೆಲ್ಲ ಒಟ್ಟಿಗೇ ಮೇಲೆ ಬಿದ್ದೀತೆಂದು ತಪ್ಪಣ್ಣನವರು ಹೆದರಿದ್ದರು. ಹಾಗಾಗಲಿಲ್ಲ. ಅದರ ಪಾಲಿನ ಆಯುಸ್ಸು ಹಾಗೇ ಉಳಿದಿತ್ತು, ನಡೆದಂತೆಲ್ಲ ಸವೆಯತೊಡಗಿತು. ಆ ದಿನ ಅವರು ಯಾವುದನ್ನೂ ಪರೀಕ್ಷಿಸಲಿಲ್ಲ. ಜಲಪಾತದ ಬಳಿ ನಿಂತರು, ನುಗ್ಗಲಿಲ್ಲ. ಸೈಕಲ್ಲಿನ ಕಾಡನ್ನು ದಾಟಿದರು, ಕಂಬಿಗಳ ಸಂದಿಗೆ ಸಿಕ್ಕಿಕೊಳ್ಳಲಿಲ್ಲ. ಮುರುಟಿದ ಮೀಸೆಯ ಕಡೆಗೆ ಕಣ್ಣು ಮಂಕಾದಂತೆ ಜೀರುಂಡೆ ಎಡಕ್ಕೆ ವಾಲುತ್ತಿತ್ತು; ನೇರ ಬಿಟ್ಟರೂ ತಾನಾಗಿ ಹೋಗಿ ಗೋಡೆಗೆ ಆತುಕೊಂಡು, ಗೋಡೆಯನ್ನು ಸವರಿಕೊಂಡೇ ಸಾಗುತ್ತಿತ್ತು.

"ಅಯ್ಯೋ, ಇದು ನಿಮ್ಮ ಹಾಗೇ ನಡೀತದಲ್ರೀ!" ಎಂದರು ಹೆಂಡತಿ.

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಇಷ್ಟು ದಿನ ಅದರ ಜೊತೆಗಿದ್ದೂ ತಪ್ಪಣ್ಣನವರಿಗೆ ಅದು ಹೊಳೆದಿರಲಿಲ್ಲ. ಬೇರೆಯವರ ತಪ್ಪನ್ನು ಅಷ್ಟು ದೂರದಿಂದ ಹಿಡಿಯುತ್ತಿದ್ದ ಕಣ್ಣಿಗೆ ತನ್ನದೇ ನಡಿಗೆ ಗುರುತು ಸಿಕ್ಕಿರಲಿಲ್ಲ. ಅವರೂ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಜೀರುಂಡೆ ಹಿತ್ತಲ ಗೋಡೆಯನ್ನು ನಿಧಾನವಾಗಿ ಹತ್ತಿತು. ಅಷ್ಟರಲ್ಲಿ ರೆಕ್ಕೆ ಮಾಸಿತ್ತು, ಕಾಲು ಸೋತಿತ್ತು. ಗೋಡೆಯ ತುದಿಗೆ ಎಷ್ಟೋ ಹುಳುಗಳನ್ನು ಅವರು ಹತ್ತಿಸಿದ್ದುಂಟು, ಕೆಳಗೆ ಬೀಳಿಸಿ ನೋಡುವುದಕ್ಕೆ. ಈ ಸಲ ಅಲ್ಲಿ ಕೂತು ನೋಡಿದರು. ಅಂಗಳ ಪೂರ್ತಿ ಕಾಣುತ್ತಿತ್ತು. ನೆಲದವಳು ಬರೆದ ಪ್ರತಿ ಕಲ್ಲಿನ ಮೇಲೂ ಸಂಜೆಯ ಬಿಸಿಲಿತ್ತು. "ಎಷ್ಟು ಚೆನ್ನಾಗಿ ಮಾಡಿದೀಯಮ್ಮ" ಎಂದರು. ನೆಲದವಳು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತಳು. ಅಂಗಳದಲ್ಲಿ ರಾತ್ರಿಯಾಗಿ ಬೆಳಗಾಯಿತು. ಜೀರುಂಡೆ ಏಳಲಿಲ್ಲ. ಎಲ್ಲೋ ಒಂದು ಎಲೆಯ ಅಡಿಯಲ್ಲಿ ಮೊಟ್ಟೆಯೊಂದು ಒಡೆಯಿತು.

ತಪ್ಪಣ್ಣನವರು ಮೂಗೊರೆಸಿಕೊಂಡು ಗುಂಡಿಯ ಮೇಲೆ ಬೆರಳಿಟ್ಟರು. "ಸತ್ತಿದೆ" ಅಂದರು, "ಆದರೂ ಒಂದ್ಸಲ ನೋಡೋಣ." ಹೊಸ ಹುಳು ಮಣ್ಣಿಗಿಳಿದು, ನೆಟ್ಟಗೆ ಹೋಗಿ ಹತ್ತಿರದ ಹೂಕುಂಡಕ್ಕೆ ಢಿಕ್ಕಿ ಹೊಡೆಯಿತು. ಸಂಜೆ ಹರಾಜಿನಲ್ಲಿ ಆ ಹೂಕುಂಡದ ತಪ್ಪೊಂದು ಹೊರಬಂತು, ನಂದು ಎಂದವರೂ ಸಿಕ್ಕರು. "ಇನ್ನೇನಾದ್ರೂ ಇದ್ಯಾ?" ಎಂದು ಯಜಮಾನಿ ಕೇಳಿದಾಗ ಅವರು ಬಹಳ ಹೊತ್ತು ಸೂರು ನೋಡಿದರು. "ಇಲ್ಲ. ಮನೆಗೆ ಹೋಗಬಹುದು" ಅಂದರು. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ರಾತ್ರಿ ಮನೆಯ ಅಗುಳಿಯೂ ಸರಿಯಾಗಿ ಅಲ್ಲಾಡಿತು.

ಇಂಥವರು ಎಲ್ಲ ಕಡೆಯೂ ಇದ್ದಾರೆ. ಇವರ ಜೊತೆ ಬಾಳುವುದು ಸುಲಭವಲ್ಲ. ಕೂರುವ ಮುಂಚೆ ಕುರ್ಚಿ ಮುರಿಯುತ್ತಾರೆ, ಹಾಕಿದ ಅಗುಳಿಯನ್ನು ನಂಬುವುದಿಲ್ಲ, ನಮ್ಮ ತಪ್ಪನ್ನು ನಾಲ್ಕು ಜನರೆದುರು ಕೂಗುತ್ತಾರೆ. ಕಲ್ಲೆದೆಯವರೆಂದು ನಾವು ಅಂದುಕೊಳ್ಳುತ್ತೇವೆ. ಅಲ್ಲ, ಒಂದು ಹುಳುವನ್ನು ಉಳಿಸಿಕೊಳ್ಳುವ ಆಸೆ ಅವರಿಗೂ ಇರುತ್ತದೆ, ಅದನ್ನು ಬಿಟ್ಟುಕೊಡುವಾಗ ಅವರಿಗೂ ನೋಯುತ್ತದೆ. ಮಳೆಯ ದಿನ ಎಲ್ಲೋ ಒಬ್ಬರು ಹುಳುವಾಗಿ ಆ ಮೆಟ್ಟಿಲ ಕೆಳಗೆ ನುಸುಳಿ, ಅಬ್ಬ, ಎಂಥ ಜಾಗ ಎಂದು ಸುಮ್ಮನೆ ಕೂರುತ್ತಾರೆ; ಅದನ್ನು ಕಂಡವರಾರು, ಕೊಟ್ಟವರಾರು ಎಂದು ಅವರಿಗೆ ತಿಳಿಯುವುದಿಲ್ಲ. ನಾವು ನಿಶ್ಚಿಂತೆಯಿಂದ ಹೆಜ್ಜೆಯಿಡುವ ನೆಲದಲ್ಲೆಲ್ಲ ನಮಗಿಂತ ಮೊದಲು ಯಾರೋ ಒಬ್ಬರು ಬಿದ್ದಿರುತ್ತಾರೆ, ಎದ್ದು ಬಂದು ಹೇಳಿರುತ್ತಾರೆ.